ಚೇಚಿಗೆ ಬಂದಿದ್ದ ಕರೆ

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆಯುವ ಯೋಗ್ಯತೆ ನನಗೆ ಯಾಕಿಲ್ಲ ಎಂಬುದು ಓದುತ್ತ ಹೋದರೆ ತಿಳಿಯುತ್ತದೆ. ನಾನು ಅವರನ್ನು ಚೇಚಿ ಎಂದು ಕರೆಯುತ್ತಿದ್ದೆ. ಮಲಯಾಳದಲ್ಲಿ ಅಕ್ಕ ಎಂದು ಅರ್ಥ. ಎರಡು ತಿಂಗಳ ಹಿಂದೆ ಹೆಗ್ಗಡದೇವನಕೋಟೆಯ ತಮ್ಮ ಮನೆಯಲ್ಲಿ ಅವರು ತೀರಿಕೊಂಡರು. ಐವತ್ತೊಂದೋ ಐವತ್ತೆರಡೋ ವಯಸ್ಸು. ಇಂಗ್ಲೆಂಡಿನ ಉತ್ತರಕ್ಕೆ, ಸಮುದ್ರದ ದಡದ ಒಂದು ಸಣ್ಣ ಊರಿನಲ್ಲಿ, ಕ್ಷೌರದಂಗಡಿಯ ಮೇಲಿನ ಒಂದೇ ಕೋಣೆಯಲ್ಲಿ ನಾವಿಬ್ಬರು ಸುಮಾರು ಎರಡು ವರ್ಷ ಇದ್ದೆವು. ಎರಡು ಕ್ರಿಸ್‌ಮಸ್ಸು ಮಾಡಿದೆವು. ಎರಡನೆಯದರ ಬಗ್ಗೆ ಇದುವರೆಗೆ ಮನೆಯಲ್ಲೂ ಹೇಳಿಲ್ಲ.

ನನ್ನೂರು ಪಿರಿಯಾಪಟ್ಟಣ ತಾಲ್ಲೂಕಿನ ಕಂಪಲಾಪುರದ ಹತ್ತಿರ. ಅಪ್ಪ ಹೊಗೆಸೊಪ್ಪು ಬೆಳೆಯುವವರು. ನಾನು ಮೈಸೂರಿನಲ್ಲಿ ನರ್ಸಿಂಗ್ ಓದಿ, ಹುಣಸೂರಿನ ಒಂದು ನರ್ಸಿಂಗ್ ಹೋಮಿನಲ್ಲಿ ದುಡಿದು, ಆಮೇಲೆ ಮುದುಕರನ್ನು ನೋಡಿಕೊಳ್ಳುವ ಕೆಲಸಕ್ಕೆ ವೀಸಾ ಸಿಕ್ಕಿ ಹೋದವಳು. ಜನವರಿಯ ಒಂದು ಮಧ್ಯಾಹ್ನ ಕಂಪನಿಯವರು ಕೊಟ್ಟ ವಿಳಾಸ ಹಿಡಿದು ಆ ಕೋಣೆಯ ಬಾಗಿಲು ಬಡಿದಾಗ ನನ್ನ ಕಾಲಲ್ಲಿ ಚಪ್ಪಲಿ ಇತ್ತು. ಬಾಗಿಲು ತೆಗೆದದ್ದು ನೈಟಿಯ ಮೇಲೆ ಎರಡು ಸ್ವೆಟರು ಹಾಕಿಕೊಂಡ ಒಬ್ಬ ಕುಳ್ಳ ಹೆಂಗಸು. ಎಲ್ಲಿಂದ ಬಂದೆ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಮೈಸೂರು ಅಂದೆ. ಮೈಸೂರಿನಲ್ಲಿ ಎಲ್ಲಿ ಅಂದರು. ಪಿರಿಯಾಪಟ್ಟಣ ಅಂದೆ. ಅವರು ನನ್ನ ಕಾಲನ್ನೇ ನೋಡುತ್ತ ನಿಂತರು.

"ಪಿರಿಯಾಪಟ್ಣದಲ್ಲಿ ಯಾವೂರಮ್ಮಿ? ಒಳಿಕ್ ಬಾ, ಕಾಲು ಸೆಟ್ಕಂಡೋಯ್ತವೆ."

ಅಷ್ಟು ದೂರ ಹೋಗಿ ಮೊದಲು ಕೇಳಿದ ಕನ್ನಡ ನಮ್ಮ ಕಡೆಯದೇ ಆಗಿತ್ತು. ನಾನು ಅಲ್ಲೇ ಮೆಟ್ಟಿಲ ಮೇಲೆ ಅತ್ತುಬಿಟ್ಟೆ. ಚೇಚಿ ಸಮಾಧಾನ ಮಾಡಲಿಲ್ಲ. ಒಂದು ಬುಟ್ಟಿ ಆಲೂಗಡ್ಡೆ ಮುಂದಿಟ್ಟು ಸಿಪ್ಪೆ ತೆಗೆಯಲು ಹೇಳಿದರು. ಆಮೇಲೆ ಎರಡು ವರ್ಷವೂ ಅದೇ ಪದ್ಧತಿ. ಮನೆಗೆ ಫೋನು ಮಾಡಿ ನಾನು ಮುಖ ಸಣ್ಣ ಮಾಡಿಕೊಂಡರೆ ಯಾವುದಾದರೂ ತರಕಾರಿ ನನ್ನ ಮುಂದೆ ಬರುತ್ತಿತ್ತು.

ಅವರ ಅಪ್ಪ ವಯನಾಡಿನಿಂದ ಹೆಗ್ಗಡದೇವನಕೋಟೆಗೆ, ನಮ್ಮ ಕಡೆಯವರ ಬಾಯಲ್ಲಿ ಬರೀ ಕೋಟೆಗೆ, ಬಂದು ಜಮೀನು ಗುತ್ತಿಗೆ ಹಿಡಿದು ಶುಂಠಿ ಹಾಕಿದವರಂತೆ. ಆಗ ಇವರಿಗೆ ಮೂರು ವರ್ಷ. ಕೋಟೆಯ ಸರ್ಕಾರಿ ಶಾಲೆಯಲ್ಲಿ ಓದಿ, ಅಲ್ಲಿಯ ಮಾತನ್ನೇ ಆಡುತ್ತ ಬೆಳೆದವರು. ಕೋಪ ಬಂದಾಗ, ಪ್ರಾರ್ಥನೆ ಮಾಡುವಾಗ ಮಾತ್ರ ಮಲಯಾಳ. ಮದುವೆಯಾದವನೂ ಶುಂಠಿಯವನೇ. ಒಂದು ದಿನ ಚಪಾತಿ ಹಿಟ್ಟು ಕಲಸುತ್ತ, ಗಂಡ ಹೊಲ ಕಾಯಲು ಹೋಗಿದ್ದಾಗ ಆನೆ ತುಳಿದ ಸಂಗತಿ ಹೇಳಿದರು. ಹೇಳಿ ಮುಗಿಸುವ ಹೊತ್ತಿಗೆ ಹಿಟ್ಟು ಹದಕ್ಕೆ ಬಂದಿತ್ತು. "ಆಯ್ತು ಬುಡು" ಅಂದು ಲಟ್ಟಣಿಗೆ ಕೈಗೆತ್ತಿಕೊಂಡರು. ಒಬ್ಬಳೇ ಮಗಳು. ಅವಳನ್ನು ತಮ್ಮನ ಮನೆಯಲ್ಲಿ ಬಿಟ್ಟು, ಮೊದಲು ಕೇರಳದಲ್ಲಿ, ಆಮೇಲೆ ಇಸ್ರೇಲಿನಲ್ಲಿ, ಕೊನೆಗೆ ಇಂಗ್ಲೆಂಡಿನಲ್ಲಿ, ಹದಿನಾಲ್ಕು ವರ್ಷ ಪರರ ಮುದುಕರ ಮೈ ತೊಳೆದವರು ಚೇಚಿ.

ಕೆಲಸದಲ್ಲಿ ಅವರನ್ನು ನೋಡಬೇಕಿತ್ತು. ನಮ್ಮ ಕೇರ್ ಹೋಮಿನಲ್ಲಿ ನೆನಪು ಪೂರ್ತಿ ಹೋಗಿದ್ದ ಒಬ್ಬ ಅಜ್ಜಿ ಇದ್ದಳು. ಯಾರು ಮುಟ್ಟಿದರೂ ಉಗುರಿನಿಂದ ಪರಚುತ್ತಿದ್ದಳು. ಚೇಚಿ ಅವಳ ಹತ್ತಿರ ಹೋಗುವ ಮೊದಲು ತಮ್ಮ ಎರಡೂ ಕೈಯನ್ನು ಬಿಸಿನೀರಿನಲ್ಲಿ ಅದ್ದಿ ಒರೆಸಿಕೊಳ್ಳುತ್ತಿದ್ದರು. ತಣ್ಣನೆ ಕೈ ತಾಕಿದರೆ ಯಾರಿಗಾದರೂ ರೇಗುತ್ತೆ ಅನ್ನುತ್ತಿದ್ದರು. ಆಮೇಲೆ ಕೋಟೆಯ ಕನ್ನಡದಲ್ಲೇ, ಏಳವ್ವ, ಮೈ ತೊಳ್ಕಳಮ ಅಂತ ಮಾತಾಡಿಸುತ್ತಿದ್ದರು. ಆ ಇಂಗ್ಲಿಷ್ ಅಜ್ಜಿ ಮಗುವಿನ ಹಾಗೆ ತೋಳು ಎತ್ತುತ್ತಿದ್ದಳು. ಅವಳ ಮಗಳು ಪ್ರತಿ ವಾರ ನೋಡಲು ಬರುತ್ತಿದ್ದವಳು ಇದನ್ನೆಲ್ಲ ಗಮನಿಸಿದ್ದಳು. ಚೇಚಿ ಹೋಗುವ ಇಗರ್ಜಿಗೇ ಅವಳೂ ಹೋಗುತ್ತಿದ್ದಳು.

ಚೇಚಿ ಬರೀ ಒಳ್ಳೆಯವರು ಅಂತ ಬರೆದರೆ ಸುಳ್ಳಾಗುತ್ತದೆ. ಹೀಟರನ್ನು ಸಂಜೆ ಒಂದು ಗಂಟೆಗಿಂತ ಹೆಚ್ಚು ಉರಿಸಲು ಬಿಡುತ್ತಿರಲಿಲ್ಲ. ನಾನು ಸ್ನಾನಕ್ಕೆ ಹೊತ್ತು ಮಾಡಿದರೆ ಬಾಗಿಲು ಬಡಿಯುತ್ತಿದ್ದರು. ನನ್ನ ಮದುವೆಯ ವಿಷಯ ಕೇಳಿ ಕೇಳಿ ತಿಳಿದುಕೊಂಡಿದ್ದರು. ನನ್ನನ್ನು ಭೇರ್ಯದ ಕಡೆಗೆ ಕೊಟ್ಟಿದ್ದರು. ಗಂಡ ಹೊಡೆಯುತ್ತಿದ್ದ. ಎರಡು ಸಲ ತವರಿಗೆ ಓಡಿಬಂದೆ. ಎರಡು ಸಲವೂ ಅಪ್ಪನೇ ಕರೆದುಕೊಂಡು ಹೋಗಿ ಬಿಟ್ಟುಬಂದರು. ಮೂರನೇ ಸಲ ನಾನು ತವರಿಗೆ ಹೋಗಲಿಲ್ಲ, ವೀಸಾಕ್ಕೆ ಅರ್ಜಿ ಹಾಕಿದೆ. ಇದನ್ನು ಕೇಳಿದ ಚೇಚಿ, ಮೊದಲನೇ ಏಟಿಗೇ ಬಿಟ್ಟು ಬರಬೇಕಿತ್ತು, ಅಷ್ಟು ದಿನ ಏನು ನೋಡುತ್ತಿದ್ದೆ ಎಂದು ನನ್ನನ್ನೇ ಬೈದರು.

ನಮ್ಮೂರಲ್ಲಿ ಕ್ರಿಸ್‌ಮಸ್ಸು ಅಂದರೆ ಹುಣಸೂರಿನ ಅಂಗಡಿಗಳಲ್ಲಿ ತೂಗುವ ಕಾಗದದ ನಕ್ಷತ್ರ, ಅಷ್ಟೇ ನನಗೆ ಗೊತ್ತಿದ್ದದ್ದು. ಚೇಚಿಗೆ ಅದು ಎರಡು ತಿಂಗಳ ಕೆಲಸ. ಅಕ್ಟೋಬರಿನಲ್ಲೇ ದ್ರಾಕ್ಷಿ, ಗೋಡಂಬಿ, ಕಿತ್ತಳೆ ಸಿಪ್ಪೆ ಹೆಚ್ಚಿ ರಮ್ಮಿನಲ್ಲಿ ನೆನೆಹಾಕುತ್ತಿದ್ದರು. ದಿನಾ ಆ ಬಾಟಲಿಯನ್ನು ಒಮ್ಮೆ ಅಲ್ಲಾಡಿಸುವುದು ನನ್ನ ಕೆಲಸ. ಡಿಸೆಂಬರ್ ಒಂದರಿಂದ ಇಪ್ಪತ್ತೈದು ದಿನ ಅವರಿಗೆ ನೋಂಬು. ಮಾಂಸ, ಮೀನು, ಮೊಟ್ಟೆ ಮುಟ್ಟುತ್ತಿರಲಿಲ್ಲ. ಅಂಗಡಿಯ ನಕ್ಷತ್ರ ತರಲು ಒಪ್ಪದೆ, ಯಾರದೋ ತೋಟದಲ್ಲಿ ಬಿದ್ದಿದ್ದ ಬೆತ್ತ ಸೀಳಿ, ಬಣ್ಣದ ಕಾಗದ ಅಂಟಿಸಿ ಅವರೇ ಕಟ್ಟುತ್ತಿದ್ದರು. ರಟ್ಟಿನಲ್ಲಿ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆ, ಮಾಡುತ್ತಿದ್ದರು. ಅದರೊಳಗಿನ ಮೇರಿ, ಜೋಸೆಫ್, ಒಂದು ಕಾಲಿಲ್ಲದ ಕತ್ತೆ ಎಲ್ಲ ಹಳೇ ಸಾಮಾನಿನ ಅಂಗಡಿಯವು. ಗೋದಲಿಯ ಸುತ್ತ ಹಸಿರು ಬೇಕು. ಮೊದಲನೇ ವರ್ಷ ಅದಕ್ಕೆ ಏನು ಮಾಡುವುದು ಎಂದು ಯೋಚಿಸುತ್ತಿದ್ದಾಗ, ಅವ್ವ ಕಳಿಸಿದ್ದ ರಾಗಿ ಇದೆ ಅಂದೆ. ಒಂದು ಹಿಡಿ ರಾಗಿಯನ್ನು ತಟ್ಟೆಯ ಮಣ್ಣಿನಲ್ಲಿ ಚೆಲ್ಲಿ ಕಿಟಕಿಯಲ್ಲಿಟ್ಟರು. ಹಬ್ಬದ ಹೊತ್ತಿಗೆ ನಾಲ್ಕು ಬೆರಳು ಪೈರು. ಕ್ರಿಸ್‌ಮಸ್ಸಿನ ಬೆಳಿಗ್ಗೆ ದೋಸೆಯಂಥ ಅಪ್ಪಂ, ಕುರಿಮಾಂಸದ ಸ್ಟ್ಯೂ, ಕೇಕು. ಆ ವರ್ಷ ನಾನು ಅಷ್ಟು ನಕ್ಕದ್ದು ಅದೇ ಮೊದಲು.

ಎರಡನೇ ವರ್ಷ ಅಕ್ಟೋಬರಿನ ಕೊನೆಯಲ್ಲಿ ಕಂಪನಿಯಿಂದ ಕಾಗದ ಬಂತು. ಹೊರದೇಶದವರನ್ನು ಇಟ್ಟುಕೊಳ್ಳುವ ಪರವಾನಗಿಯನ್ನು ಅವರು ಕಳೆದುಕೊಂಡಿದ್ದರು. ಅರವತ್ತು ದಿನದೊಳಗೆ ಬೇರೆ ಕಡೆ ಕೆಲಸ ಹುಡುಕಿಕೊಳ್ಳಬೇಕು, ಇಲ್ಲವಾದರೆ ದೇಶ ಬಿಡಬೇಕು. ಲೆಕ್ಕ ಹಾಕಿದರೆ ಕ್ರಿಸ್‌ಮಸ್ಸಿನ ಮಾರನೇ ವಾರಕ್ಕೆ ಮುಗಿಯುತ್ತಿತ್ತು. ಹೋಮನ್ನೂ ಮುಚ್ಚುವುದೆಂದು ಆಗಿ, ಮುದುಕರನ್ನು ಒಬ್ಬೊಬ್ಬರನ್ನಾಗಿ ಬೇರೆ ಕಡೆ ಸಾಗಿಸತೊಡಗಿದರು. ಪರಚುತ್ತಿದ್ದ ಅಜ್ಜಿಯನ್ನು ಪಕ್ಕದ ಪಟ್ಟಣದ ಹೋಮಿಗೆ ಒಯ್ದರು.

ಚೇಚಿಗೆ ಇಂಗ್ಲಿಷ್ ಮಾತು ಬರುತ್ತಿತ್ತು, ಓದು ಬರಹ ಕಷ್ಟ. ಅವರ ಫೋನಿನ ಗಾಜೂ ಒಡೆದು ಅಕ್ಷರ ಕಾಣುತ್ತಿರಲಿಲ್ಲ. ಹಾಗಾಗಿ ಇಬ್ಬರ ಅರ್ಜಿಯನ್ನೂ ನಾನೇ ತುಂಬಿದೆ. ಎರಡರಲ್ಲೂ ನನ್ನ ನಂಬರನ್ನೇ ಕೊಟ್ಟೆ. ಎಷ್ಟು ಕಡೆ ಹಾಕಿದರೂ ಉತ್ತರವಿಲ್ಲ. ನವೆಂಬರ್ ಹಾಗೇ ಕಳೆಯಿತು. ಚೇಚಿ ಮಾತ್ರ ಆ ವರ್ಷವೂ ದ್ರಾಕ್ಷಿ ನೆನೆಹಾಕಿದರು, ನೋಂಬು ಹಿಡಿದರು, ರಾಗಿ ಚೆಲ್ಲಿದರು. ಇನ್ನು ಇಪ್ಪತ್ತೈದು ದಿನಕ್ಕೆ ತಲೆ ಮೇಲೆ ಸೂರಿರುವುದಿಲ್ಲ, ಇದೆಲ್ಲ ಯಾಕೆ ಎಂದು ನಾನು ರೇಗಿದೆ.

"ಅವ್ನು ಉಟ್ದಾಗ ಅವ್ರಿಗೂ ಮನೆ ಇರ್ನಿಲ್ಲ ಕಣಮ್ಮಿ" ಅಂದರು.

ಆ ಅಜ್ಜಿಯ ಮಗಳು ಇಗರ್ಜಿಯಲ್ಲಿ ಸಿಕ್ಕಾಗ, ಹೊಸ ಹೋಮಿನ ಮ್ಯಾನೇಜರಿಗೆ ನಿಮ್ಮ ಹೆಸರು ಹೇಳಿದ್ದೇನೆ, ಕರೆ ಬರುತ್ತದೆ ಎಂದಿದ್ದಳಂತೆ. ಚೇಚಿ ಅದನ್ನು ನನಗೆ ಬಂದು ಹೇಳಿದರು. ಕರೆ ಬಂದರೆ ನಿನ್ನ ಹೆಸರನ್ನೂ ಹೇಳುತ್ತೇನೆ ಅಂದರು.

ಕರೆ ಬಂತು. ಡಿಸೆಂಬರ್ ಮೊದಲ ವಾರ, ಒಂದು ಮಂಗಳವಾರ ಮಧ್ಯಾಹ್ನ. ಚೇಚಿ ಗೋದಲಿಗೆ ಹಾಕಲು ಪಾಚಿ ಕೀಳಲು ಹೋಗಿದ್ದರು. ಮ್ಯಾನೇಜರ್ ಹೆಂಗಸು ಚೇಚಿಯ ಹೆಸರು ಹೇಳಿ, ಇದ್ದಾರೆಯೇ ಎಂದು ಕೇಳಿದಳು. ಒಂದೇ ಕೆಲಸ ಖಾಲಿ ಇದೆ, ವೀಸಾದ ಕಾಗದ ಕೊಡುತ್ತೇವೆ, ಗುರುವಾರ ಬಂದು ನೋಡಲಿ ಅಂದಳು.

ನಾನು ಏನು ಯೋಚಿಸಿದೆ ಎಂದು ಎಷ್ಟೋ ಸಲ ನೆನಪಿಸಿಕೊಂಡಿದ್ದೇನೆ. ಭೇರ್ಯದ ಆ ಮನೆಯ ಹಿತ್ತಿಲ ಬಾಗಿಲು ಕಣ್ಣ ಮುಂದೆ ಬಂತು. ಅಪ್ಪ ನನ್ನ ಬ್ಯಾಗು ಹಿಡಿದು ಮುಂದೆ ಮುಂದೆ ನಡೆಯುವುದು ಬಂತು. ಅಷ್ಟೇ. ಅವರು ಊರಿಗೆ ಹೋಗಲು ತೀರ್ಮಾನ ಮಾಡಿದ್ದಾರೆ, ಟಿಕೆಟ್ಟೂ ಆಗಿದೆ ಎಂದೆ. ನಾನು ಅವರ ಜೊತೆ ಅದೇ ಹೋಮಿನಲ್ಲಿ ಕೆಲಸ ಮಾಡುವವಳು, ನಿಮ್ಮಲ್ಲಿಗೆ ನನ್ನ ಅರ್ಜಿಯೂ ಬಂದಿದೆ, ಆ ಅಜ್ಜಿ ನನಗೂ ಗೊತ್ತು ಎಂದೆ. ಆ ಹೆಂಗಸು, ಹಾಗಾದರೆ ಗುರುವಾರ ನೀವೇ ಬನ್ನಿ ಅಂದಳು.

ಚೇಚಿ ಪಾಚಿ ತುಂಬಿದ ಚೀಲ ಹಿಡಿದು ಬಂದಾಗ, ನನಗೆ ಒಂದು ಕಡೆಯಿಂದ ಕರೆ ಬಂದಿದೆ ಎಂದೆ. ಯಾವ ಹೋಮು ಎಂದು ಕೇಳಿದರು. ಬೇರೆ ಹೆಸರು ಹೇಳಿದೆ. ಅವರು ಚೀಲ ಕೆಳಗಿಟ್ಟು ಶಿಲುಬೆಯ ಗುರುತು ಹಾಕಿಕೊಂಡರು. ಬುಧವಾರ ಪೂರ್ತಿ ನನಗೆ ಪಾಠ. ಅವರೇ ಮ್ಯಾನೇಜರಾಗಿ ಕುರ್ಚಿಯಲ್ಲಿ ಕೂತು ಪ್ರಶ್ನೆ ಕೇಳುತ್ತಿದ್ದರು. ಮುದುಕರು ಬಿದ್ದರೆ ತಕ್ಷಣ ಎತ್ತಬೇಡ, ಮೊದಲು ಹತ್ತಿರ ಕೂತು ಮಾತಾಡಿಸು, ಎಲ್ಲಿ ನೋವು ಅಂತ ಕೇಳು, ಇದನ್ನು ಕೇಳಿಯೇ ಕೇಳುತ್ತಾರೆ ಅಂದರು. ನನ್ನ ಕೋಟಿನ ತೋಳು ಸವೆದಿದೆ ಎಂದು ತಮ್ಮ ಕಪ್ಪು ಕೋಟನ್ನೇ ಹಾಕಿ ಕಳಿಸಿದರು. ಗುರುವಾರ ಆ ಮ್ಯಾನೇಜರ್ ಕೇಳಿದ ಮೊದಲ ಪ್ರಶ್ನೆಯೂ ಅದೇ. ಚೇಚಿ ಹೇಳಿಕೊಟ್ಟದ್ದನ್ನು ಚೇಚಿಯ ಕೋಟು ಹಾಕಿಕೊಂಡು ಒಪ್ಪಿಸಿದೆ. ಕೆಲಸ ಸಿಕ್ಕಿತು.

ಅಂದು ಅವರು ನನಗಿಂತ ಹೆಚ್ಚು ಸಂತೋಷಪಟ್ಟರು. ಕೇಕಿಗೆ ಹಿಟ್ಟು ಕಲಸುವಾಗ ನನ್ನನ್ನು ಕರೆದು, ನೀನೇ ಒಲೆಗಿಡು, ಈ ಸಲ ನಿನ್ನ ಕೈ ಒಳ್ಳೆಯದಿದೆ ಅಂದರು.

"ನಂದೂ ಬತ್ತದೆ ಬುಡು. ಆಯಮ್ಮನ ಮಗ್ಳು ಸುಮ್ನೆ ಯೋಳೋಳಲ್ಲ."

ಅದರ ಮೇಲಿನ ಎರಡು ವಾರ ನನ್ನ ಫೋನು ಸದ್ದು ಮಾಡಿದಾಗಲೆಲ್ಲ ಅವರು ಮಾಡುತ್ತಿದ್ದ ಕೆಲಸ ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದರು. ನಕ್ಷತ್ರಕ್ಕೆ ಕಾಗದ ಅಂಟಿಸುತ್ತಿದ್ದರೆ ಗೋಂದಿನ ಬೆರಳು ಹಾಗೇ ಮೇಲೆ ನಿಲ್ಲುತ್ತಿತ್ತು. ಅವ್ವ ಎಂದೋ, ಬ್ಯಾಂಕಿನವರು ಎಂದೋ ನಾನು ಹೇಳುತ್ತಿದ್ದೆ. ಅವರು ತಲೆ ಆಡಿಸಿ ಮತ್ತೆ ಕಾಗದಕ್ಕೆ ಬಗ್ಗುತ್ತಿದ್ದರು. ಹೇಳಿಬಿಡಬೇಕು ಎಂದು ದಿನಾ ಬೆಳಿಗ್ಗೆ ಅಂದುಕೊಳ್ಳುತ್ತಿದ್ದೆ. ನನ್ನ ಕಾಗದ ಕೈಗೆ ಬರಲಿ, ಆಮೇಲೆ ಹೇಳೋಣ ಎಂದು ಮುಂದೂಡಿದೆ. ಕಾಗದ ಬಂದ ಮೇಲೂ ಹೇಳಲಿಲ್ಲ.

ಕ್ರಿಸ್‌ಮಸ್ಸಿಗೆ ಮುಂಚಿನ ಭಾನುವಾರ ಅವರು ಇಗರ್ಜಿಯಿಂದ ತಡವಾಗಿ ಬಂದರು. ಕೋಟು ಬಿಚ್ಚದೆ ಮಂಚದ ತುದಿಯಲ್ಲಿ ಕೂತರು. ಏನಾಯಿತು ಎಂದರೆ ತಲೆನೋವು ಅಂದರು. ಆಮೇಲೆ ಎದ್ದು ಗೋದಲಿ ಜೋಡಿಸಿದರು. ಮುಂದಿನ ಮೂರು ದಿನ ಉಪ್ಪು ಕೊಡು, ಬಾಗಿಲು ಹಾಕು, ಇಷ್ಟೇ ಮಾತು. ಊರಿಗೆ ಹೋಗುವ ಚಿಂತೆ ಇರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ನಿಜವಾಗಿ ನನಗೆ ಗೊತ್ತಾಗಿತ್ತು.

ಕ್ರಿಸ್‌ಮಸ್ಸಿನ ದಿನ ಬೆಳಿಗ್ಗೆ ನಾನು ಎದ್ದಾಗ ಅವರು ಇಗರ್ಜಿಯ ಕುರ್ಬಾನ ಪೂಜೆಗೆ ಹೋಗಿಬಂದು ಅಪ್ಪಂ ಹುಯ್ಯುತ್ತಿದ್ದರು. ಎರಡು ತಟ್ಟೆ ಇಟ್ಟರು. ಸ್ಟ್ಯೂ ಬಡಿಸಿದರು. ನನ್ನ ತಟ್ಟೆಗೆ ಮೂಳೆಯಿಲ್ಲದ ತುಂಡುಗಳನ್ನೇ ಆರಿಸಿ ಹಾಕಿದರು. ಎದುರಿಗೆ ಕೂತು, ದನಿ ಏರಿಸದೆ ಹೇಳಿದರು.

"ಬಾನುವಾರ ಆಯಮ್ಮನ ಮಗ್ಳು ಸಿಕ್ಕಿದ್ಳು ಕಣಮ್ಮಿ. ಊರ್ಗೋಯ್ತಿದ್ದೀರಂತಲ್ಲ, ಬೇಜಾರಾಯ್ತು ಅಂದ್ಳು. ನಿಮ್ ಜೊತೆಯವ್ಳೇ ಆ ಕೆಲ್ಸಕ್ಕೆ ಬಂದ್ಳಲ್ಲ, ಅಷ್ಟಾದ್ರೂ ಸಮಾದಾನ ಅಂದ್ಳು."

ನಾನು ಅತ್ತೆ. ಈಗಲೇ ಫೋನು ಮಾಡಿ ನಿಜ ಹೇಳುತ್ತೇನೆ, ಕೆಲಸ ನಿಮಗೇ ಕೊಡಲಿ ಎಂದೆ. ಅವರು ತಲೆ ಅಲ್ಲಾಡಿಸಿದರು. ಸುಳ್ಳು ಹೇಳಿದೆ ಅಂದರೆ ನಿನ್ನನ್ನು ತೆಗೆಯುತ್ತಾರೆ, ಹಬ್ಬದ ರಜೆ ಮುಗಿದು ನನಗೆ ಕಾಗದ ಮಾಡುವ ಹೊತ್ತಿಗೆ ನನ್ನ ದಿನ ಮುಗಿದಿರುತ್ತದೆ, ಇಬ್ಬರೂ ಹೋಗಬೇಕಾಗುತ್ತದೆ ಅಂದರು. ಇದನ್ನೆಲ್ಲ ಅವರು ಮೂರು ದಿನದಿಂದ ಯೋಚಿಸಿ ಮುಗಿಸಿದ್ದರು. ನಾನು ಅವರ ಕಾಲು ಮುಟ್ಟಲು ಹೋದೆ. ಕಾಲು ಹಿಂದಕ್ಕೆ ಎಳೆದುಕೊಂಡರು.

"ನನ್ ಕೇಳಿದ್ರೆ ನಾನೇ ಬುಟ್ಕೊಡ್ತಿದ್ನೋ ಏನೋ, ಗೊತ್ತಿಲ್ಲ. ನೀ ಕೇಳ್ನಿಲ್ವಲ್ಲ. ಬೆಳಿಗ್ಗೆ ಕುರ್ಬಾನದಲ್ಲಿ, ಇವಳ್ನ ಕ್ಷಮ್ಸಕ್ಕೆ ಮನ್ಸು ಕೊಡಪ್ಪ ಅಂತ ಬೇಡ್ಕಂಡೆ. ಬರ್ನಿಲ್ಲ ಕಣಮ್ಮಿ. ಸುಮ್ನೆ ಯಾಕೆ ಸುಳ್ಳಾಡ್ಲಿ. ತಿನ್ನು, ಆರೋಯ್ತದೆ."

ನಾನು ತಿಂದೆ. ಅವರು ಎದುರಿಗೆ ಕೂತು ನಾನು ತಿನ್ನುವುದನ್ನು ನೋಡಿದರು. ಇಪ್ಪತ್ತೈದು ದಿನದ ನೋಂಬು ಮುರಿಯುವ ಊಟ ಅದು. ಅವರ ತಟ್ಟೆಯಲ್ಲಿದ್ದದ್ದು ಹಾಗೇ ಇತ್ತು.

ಮೂರು ದಿನದ ಮೇಲೆ ಅವರು ಹೊರಟರು. ವಿಮಾನ ನಿಲ್ದಾಣಕ್ಕೆ ಹೋಗುವ ಬಸ್ಸಿನ ತನಕ ಅವರ ಪೆಟ್ಟಿಗೆ ಎಳೆದುಕೊಂಡು ಹೋದೆ. ಬೇಡ ಅನ್ನಲಿಲ್ಲ. ಹಿಮ ಕರಗಿ ರಸ್ತೆಯೆಲ್ಲ ಕೊಚ್ಚೆಯಾಗಿತ್ತು. ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟ ಮೇಲೆ ಹಿಂದಕ್ಕೆ ತಿರುಗಿದರು. ಏನೋ ಹೇಳುತ್ತಾರೆ, ಬೈಯುತ್ತಾರೆ ಎಂದು ಕಾದೆ.

"ಆಯಮ್ಮನ ಎಡ್ಗಡೆ ಸೊಂಟ ನೋಡ್ಕ. ಚರ್ಮ ಕೆಂಪಾಗಿತ್ತು, ಬುಟ್ರೆ ಹುಣ್ಣಾಯ್ತದೆ."

ಹೊಸ ಹೋಮಿನಲ್ಲಿ ಮೊದಲ ದಿನ ಆ ಅಜ್ಜಿಯನ್ನು ಮಗ್ಗುಲಾಗಿಸಿ ನೋಡಿದೆ. ಹುಣ್ಣು ಆಗಲೇ ಬಾಯಿ ಬಿಟ್ಟಿತ್ತು. ಬಿಸಿನೀರಿನಲ್ಲಿ ಕೈ ಅದ್ದಿ ಒರೆಸಿಕೊಂಡು, ಕನ್ನಡದಲ್ಲಿ ಮಾತಾಡಿಸಿ ನೋಡಿದೆ. ಅವಳು ನನ್ನ ಕೈಯನ್ನು ರಕ್ತ ಬರುವ ಹಾಗೆ ಪರಚಿದಳು. ಫೆಬ್ರವರಿಯಲ್ಲಿ ಸತ್ತಳು.

ಚೇಚಿಗೆ ಎಷ್ಟೋ ಸಲ ಫೋನು ಮಾಡಿದೆ. ಒಂದು ಸಲವೂ ಎತ್ತಲಿಲ್ಲ. ಹಬ್ಬಕ್ಕೆ ಕಳಿಸಿದ ಸಂದೇಶಗಳನ್ನು ಓದಿದ್ದರು, ಉತ್ತರವಿಲ್ಲ. ಊರಿಗೆ ಹೋದ ಮೇಲೆ ಅವರು ಮೈಸೂರಿನ ಒಂದು ಮನೆಯಲ್ಲಿ ಹಾಸಿಗೆ ಹಿಡಿದ ಒಬ್ಬರನ್ನು ನೋಡಿಕೊಳ್ಳುತ್ತಿದ್ದರಂತೆ. ಹೊಟ್ಟೆನೋವಿಗೆ ಶುಂಠಿ ಕಷಾಯ ಕುಡಿದುಕೊಂಡೇ ವರ್ಷದ ಮೇಲೆ ತಳ್ಳಿದರಂತೆ. ತೋರಿಸುವ ಹೊತ್ತಿಗೆ ಕ್ಯಾನ್ಸರು ಲಿವರಿಗೆ ಹರಡಿತ್ತು. ಇಂಗ್ಲೆಂಡಿನಲ್ಲೇ ಇದ್ದಿದ್ದರೆ ಬದುಕುತ್ತಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ನರ್ಸು ನಾನು, ಇಷ್ಟಂತೂ ಗೊತ್ತು: ಅವರ ಪಕ್ಕದ ಮಂಚದಲ್ಲಿ ನಾನು ಮಲಗಿದ್ದಿದ್ದರೆ, ಅಷ್ಟು ದಿನ ಕಷಾಯ ಕುಡಿಯಲು ಬಿಡುತ್ತಿರಲಿಲ್ಲ.

ಈ ಸಲ ರಜೆಗೆ ಬಂದಾಗ ನಲವತ್ತೊಂದನೇ ದಿನದ ಪ್ರಾರ್ಥನೆ ಇದೆ ಎಂದು ಅವರ ತಮ್ಮನಿಂದ ತಿಳಿಯಿತು. ಹುಣಸೂರಿಗೆ ಬಂದು ಕೋಟೆಯ ಬಸ್ಸು ಹಿಡಿದೆ. ಮಾನಂದವಾಡಿ ರಸ್ತೆಯಲ್ಲಿ ಇಳಿದು, ಶುಂಠಿ ಕಿತ್ತ ಹೊಲಗಳ ನಡುವೆ ಒಂದು ಮೈಲಿ ನಡೆದರೆ ಶೀಟಿನ ಮನೆ. ಅಂಗಳಕ್ಕೆ ಶಾಮಿಯಾನ ಹಾಕಿದ್ದರು. ಮಗಳನ್ನು ನೋಡಿದ ತಕ್ಷಣ ಗುರುತು ಸಿಕ್ಕಿತು. ಅದೇ ಕುಳ್ಳ ಮೈಕಟ್ಟು. ನರ್ಸಿಂಗ್ ಎರಡನೇ ವರ್ಷಕ್ಕೆ ಬಿಟ್ಟು, ಈಗ ಕೋಟೆಯ ಒಂದು ಬಟ್ಟೆ ಅಂಗಡಿಯಲ್ಲಿ ನಿಲ್ಲುತ್ತಾಳೆ. ನಾನು ಯಾರೆಂದು ಹೇಳುತ್ತಲೇ ಅವಳು ನನ್ನ ಎರಡೂ ಕೈ ಹಿಡಿದುಕೊಂಡಳು. ಅಮ್ಮ ನಿಮ್ಮ ವಿಷಯ ಬಹಳ ಹೇಳುತ್ತಿದ್ದರು, ಅರ್ಜಿಯೆಲ್ಲ ನೀವೇ ತುಂಬಿಕೊಡುತ್ತಿದ್ದಿರಂತೆ, ನೀವು ಇಲ್ಲದಿದ್ದರೆ ಅಲ್ಲಿ ಒಂದು ದಿನವೂ ಕಳೆಯುತ್ತಿರಲಿಲ್ಲವಂತೆ ಅಂದಳು. ಒಳಗೆ ಕರೆದುಕೊಂಡು ಹೋಗಿ ಕುರ್ಚಿ ಹಾಕಿ, ಬಂದವರಿಗೆಲ್ಲ ನನ್ನನ್ನು ಪರಿಚಯ ಮಾಡಿಸಿದಳು.

ಒಂದು ಗಂಟೆ ಆ ಮರ್ಯಾದೆಯನ್ನು ತಡೆದುಕೊಂಡೆ. ಆಮೇಲೆ ಅವಳನ್ನು ಹಿತ್ತಿಲಿಗೆ ಕರೆದು, ಎಲ್ಲವನ್ನೂ ಹೇಳಿದೆ. ಮಂಗಳವಾರದ ಕರೆ, ನಾನಾಡಿದ ಮಾತು, ಕೋಟು, ಯಾವುದನ್ನೂ ಬಿಡಲಿಲ್ಲ. ಹೇಳುತ್ತ ಹೋದ ಹಾಗೆ ಎದೆ ಹಗುರಾಗುತ್ತಿತ್ತು. ಅದು ನನಗೇ ಗೊತ್ತಾಗುತ್ತಿತ್ತು. ಅವಳು ಕಲ್ಲಿನ ಮೇಲೆ ಕೂತು ನೆಲ ನೋಡುತ್ತ ಕೇಳಿಸಿಕೊಂಡಳು.

"ಅಮ್ಮ ಸಾಯೋವರ್ಗೂ ಇದ್ನ ನಂಗೆ ಹೇಳ್ಲಿಲ್ಲ" ಅಂದಳು. "ಅಲ್ಲಿ ಅಮ್ಮಂಗೆ ಒಬ್ರಾದ್ರೂ ಒಳ್ಳೆಯವ್ರು ಜೊತೇಲಿದ್ರು ಅಂತ ಅಂದ್ಕಂಡು ನಾನು ಇಷ್ಟು ದಿನ ಸಮಾಧಾನವಾಗಿದ್ದೆ. ಅದ್ನೂ ಯಾಕೆ ತಗಂಡ್ರಿ ಅಕ್ಕ?"

ಒಳಗಿನಿಂದ ಯಾರೋ ಅವಳನ್ನು ಬಡಿಸಲು ಕರೆದರು. ಅವಳು ಎದ್ದು, ಲಂಗಕ್ಕೆ ಹತ್ತಿದ್ದ ಮಣ್ಣು ಕೊಡವಿಕೊಂಡಳು. ನಿಮ್ಮ ಬಸ್ಸಿಗೆ ಹೊತ್ತಾಯಿತು ಅಂದಳು.

ನಾನು ಯಾವ ಬಸ್ಸಿಗೆ ಹೋಗುತ್ತೇನೆಂದು ಅವಳಿಗೆ ಹೇಳಿರಲಿಲ್ಲ. ಎದ್ದು ಬಂದೆ.